ಹಳೆಯ ಫೆಂಡರ್ ಬೇಸ್ ಗಿಟಾರ್: ಅಸಲಿ, ಬಣ್ಣ ಬದಲಾದದ್ದು, ಜೋಡಿಸಿದ್ದು, ರೀಇಶ್ಯೂ – ಯಾವುದಕ್ಕೆ ಎಷ್ಟು ಕೊಡಬಹುದು?

1960ರ ದಶಕದ ಫೆಂಡರ್ ಪ್ರಿಸಿಷನ್ ಅಥವಾ ಜಾಝ್ ಬೇಸ್ ಅಂತ ಮಾರಾಟಕ್ಕೆ ಬರುವ ಗಿಟಾರ್‌ಗಳಲ್ಲಿ ನಾಲ್ಕು ಬಗೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಉಳಿದದ್ದು ಒಂದು. ಮರ, ನೆಕ್ (ಗಿಟಾರ್‌ನ ಉದ್ದನೆಯ ಕತ್ತು), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎಲ್ಲ ಅಸಲಿಯೇ, ಆದರೆ ನಡುವೆ ಯಾರೋ ಹೊಸ ಬಣ್ಣ ಹೊಡೆಸಿದ್ದು ಇನ್ನೊಂದು. ಬೇರೆ ಬೇರೆ ವರ್ಷದ ಭಾಗಗಳನ್ನು ಕೂಡಿಸಿ ಒಂದು ಮಾಡಿದ್ದು ಮೂರನೆಯದು. 1982ರಿಂದ ಈಚೆಗೆ ಅಮೆರಿಕ ಮತ್ತು ಜಪಾನಿನಲ್ಲಿ ತಯಾರಾದ 1962ರ ಮಾದರಿಯ ಮರುತಯಾರಿ, ಅಂದರೆ ರೀಇಶ್ಯೂ, ನಾಲ್ಕನೆಯದು. ನಾಲ್ಕರಲ್ಲೂ ಒಳ್ಳೆಯ ವಾದ್ಯ ಸಿಗುತ್ತದೆ. ಒಂದನ್ನು ಇನ್ನೊಂದರ ಬೆಲೆಗೆ ಮಾರಿದಾಗ ಮಾತ್ರ ಮೋಸ.

ಯಾವ ಸಾಕ್ಷಿಗೆ ಎಷ್ಟು ತೂಕ ಕೊಡಬೇಕು ಅನ್ನುವುದಕ್ಕೆ ಒಂದೇ ಪ್ರಶ್ನೆ ಸಾಕು: ಇದನ್ನು ಬದಲಾಯಿಸಲು ಎಷ್ಟು ಕೆಲಸ ಹಿಡಿಯುತ್ತದೆ? ಸೀರಿಯಲ್ ನಂಬರ್ ಇರುವ ನೆಕ್ ಪ್ಲೇಟ್, ಅಂದರೆ ಬಾಡಿಯ ಬೆನ್ನಿನ ಲೋಹದ ತಗಡು, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಹೆಡ್‌ಸ್ಟಾಕ್ (ನೆಕ್‌ನ ತಲೆಭಾಗ) ಮೇಲಿನ ಫೆಂಡರ್ ಹೆಸರಿನ ಸ್ಟಿಕ್ಕರನ್ನು ಒಂದು ಸಂಜೆಯಲ್ಲಿ ಅಂಟಿಸಬಹುದು. ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸುವುದು ಇವೆರಡನ್ನೇ, ಸಾಕ್ಷಿಯಾಗಿ ಅತಿ ಹಗುರ ಇವೇ. ನೆಕ್ ಪಾಕೆಟ್‌ನೊಳಗಿನ (ಬಾಡಿಯಲ್ಲಿ ನೆಕ್ ಕೂರುವ ಕುಳಿ) ಬಣ್ಣ, ಬಾಡಿಯ ಮೊಳೆ ತೂತುಗಳು, ಯಾರೂ ಮುಟ್ಟದ ಬೆಸುಗೆ, ಪಿಕಪ್ ಸುತ್ತಿದ ತಂತಿ – ಇವನ್ನು ನಕಲು ಮಾಡಲು ಕೌಶಲವೂ ಬೇಕು, ಹಳೆಯ ಸಾಮಾನೂ ಬೇಕು. ಆದ್ದರಿಂದ ಬಿಚ್ಚಿ ತೋರಿಸಲು ಒಪ್ಪದವರ ಬೇಸನ್ನು ಅಸಲಿಯ ಬೆಲೆಗೆ ಕೊಳ್ಳಬೇಡಿ, ಮಾರುವವರು ಎಷ್ಟೇ ಸಜ್ಜನರಿರಲಿ.

ಬಿಚ್ಚುವ ಮೊದಲು, ಸ್ಕೇಲ್ ಹಿಡಿದು

ಎರಡೂ ಮಾದರಿಗಳಲ್ಲಿ ನಟ್‌ನಿಂದ (ಹೆಡ್‌ಸ್ಟಾಕ್ ಪಕ್ಕ ತಂತಿ ಒರಗುವ ಪಟ್ಟಿ) ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ವರೆಗೆ ತಂತಿಯ ಉದ್ದ 34 ಇಂಚು, ಅಂದರೆ 864 ಮಿ.ಮೀ. ಫ್ರೆಟ್, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ, 20. ನಟ್ ಹತ್ತಿರ ನೆಕ್‌ನ ಅಗಲ ಜಾಝ್‌ನಲ್ಲಿ 38 ಮಿ.ಮೀ., ಅರವತ್ತರ ದಶಕದ ಆರಂಭದ ಪ್ರಿಸಿಷನ್‌ನಲ್ಲಿ 44.5 ಮಿ.ಮೀ. ಪ್ರಿಸಿಷನ್ ಬಾಡಿಗೆ 38ರ ನೆಕ್ ಕೂತಿದ್ದರೆ ಎರಡೇ ಸಾಧ್ಯತೆ: ಆಗಿನ ಕಾಲದಲ್ಲಿ ಬೇಡಿಕೆಯ ಮೇಲೆ ಮಾಡಿಕೊಟ್ಟ ಅಪರೂಪದ ‘ಎ’ ಅಗಲ, ಇಲ್ಲವೇ ಜಾಝ್ ನೆಕ್ ತಂದು ಕೂರಿಸಿದ್ದು. ಎರಡನೆಯದೇ ಹೆಚ್ಚು.

ಜಾಝ್ ಬೇಸ್‌ನಲ್ಲಿ ಇನ್ನೊಂದು ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ. ಎರಡು ಪಿಕಪ್‌ಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. ಅರವತ್ತರ ದಶಕದಲ್ಲಿ ಅದು ಸುಮಾರು 92 ಮಿ.ಮೀ. ಎಪ್ಪತ್ತರ ದಶಕದ ಆರಂಭದಲ್ಲಿ ಬ್ರಿಜ್ ಕಡೆಯ ಪಿಕಪ್ಪನ್ನು ಇನ್ನಷ್ಟು ಹಿಂದಕ್ಕೆ ಸರಿಸಿದರು. ಆಗ ಅಂತರ ಸುಮಾರು 102 ಮಿ.ಮೀ. ಆಯಿತು. ಮರ ಕೊರೆದ ಜಾಗವನ್ನು ಸರಿಸಲು ಬರುವುದಿಲ್ಲ. ಹಾಗಾಗಿ 102 ತೋರಿಸುವ ಬಾಡಿ 1964ರದ್ದು ಆಗಿರಲಾರದು, ಪ್ಲೇಟ್ ಮೇಲೆ ಏನೇ ನಂಬರ್ ಇರಲಿ. ಆದರೆ 92 ಬಂತು ಅಂತ ಹಿಗ್ಗಬೇಡಿ: 1962ರ ರೀಇಶ್ಯೂಗಳಲ್ಲೂ ಇದೇ ಅಂತರ. ಈ ಅಳತೆ ಎಪ್ಪತ್ತರ ಬಾಡಿಯನ್ನು ಹಿಡಿದುಕೊಡುತ್ತದೆ, ರೀಇಶ್ಯೂವನ್ನಲ್ಲ.

ನಂತರ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ ಕೂರುವ ಹಲಗೆ. 1959ರಿಂದ 1962ರ ನಡುವಿನವರೆಗೆ ರೋಸ್‌ವುಡ್ ಹಲಗೆ ದಪ್ಪ, ತಳ ಸಪಾಟು. ಆಮೇಲೆ ಹಲಗೆ ತೆಳುವಾಯಿತು, ತಳ ಬಾಗಿತು. ನೆಕ್‌ನ ಬುಡವನ್ನೋ ಹೆಡ್‌ಸ್ಟಾಕ್ ಶುರುವಾಗುವ ಕಡೆಯನ್ನೋ ನೇರ ಎದುರಿನಿಂದ ನೋಡಿದರೆ ಮೇಪಲ್‌ಗೂ ರೋಸ್‌ವುಡ್‌ಗೂ ನಡುವಿನ ಗೆರೆ ನೇರವೋ ಕಮಾನೋ ತಕ್ಷಣ ತಿಳಿಯುತ್ತದೆ. ಹಲಗೆಯ ಮೇಲಿನ ಗುರುತಿನ ಚುಕ್ಕೆಗಳು 1964ರ ಕೊನೆಯವರೆಗೆ ಮಣ್ಣಿನ ಬಣ್ಣದ ಮಂದ ಚುಕ್ಕೆ. ಆಮೇಲಿನವು ಮುತ್ತಿನ ಹೊಳಪಿನವು. ಜಾಝ್‌ಗೆ 1965ರ ಕೊನೆಯ ಹೊತ್ತಿಗೆ ನೆಕ್ ಅಂಚಿಗೆ ಬಿಳಿ ಬೈಂಡಿಂಗ್ (ಅಂಚುಪಟ್ಟಿ) ಬಂತು, 1966ರಲ್ಲಿ ಚುಕ್ಕೆಯ ಬದಲು ಆಯತದ ಬ್ಲಾಕ್ ಬಂತು. ಬ್ಲಾಕ್ ಇರುವ ನೆಕ್‌ಗೆ ‘ಎಲ್’ ಅಕ್ಷರದ ಪ್ಲೇಟ್ ಇದ್ದರೆ ಜೋಡಿ ಕೂಡುವುದಿಲ್ಲ. ಎಲ್ ಸರಣಿಯ ಪ್ಲೇಟ್‌ಗಳ ಕಾಲ 1963–65.

ಸೀರಿಯಲ್ ನಂಬರ್ ಬಗ್ಗೆ ಇಷ್ಟು ತಿಳಿದರೆ ಸಾಕು. ಪ್ಲೇಟ್‌ಗಳನ್ನು ರಾಶಿಯಿಂದ ಕೈಗೆ ಸಿಕ್ಕಂತೆ ತೆಗೆದು ಹಾಕುತ್ತಿದ್ದರು, ಆದ್ದರಿಂದ ವರ್ಷ ಎರಡು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡಿತು; ಆ ವರ್ಷದಿಂದಲೇ ದೊಡ್ಡ ‘ಎಫ್’ ಅಕ್ಷರ ಕೆತ್ತಿದ ಪ್ಲೇಟ್ ಬಂತು. 1976ರಲ್ಲಿ ನಂಬರ್ ಹೆಡ್‌ಸ್ಟಾಕ್‌ಗೆ ಏರಿತು. ಅಮೆರಿಕದ ರೀಇಶ್ಯೂ ಪ್ಲೇಟ್ ಮೇಲೆ ನಂಬರ್‌ಗೆ ಮುಂಚೆ ‘ವಿ’, ಜಪಾನಿನ 1982–84ರ ಮೊದಲ ಸರಣಿಯಲ್ಲಿ ‘ಜೆವಿ’ ಇರುತ್ತದೆ. ಈ ಅಕ್ಷರಗಳಿರುವ ಪ್ಲೇಟ್ ತೆಗೆದು ಬೇರೆ ಹಾಕುವುದೇ ರೀಇಶ್ಯೂ ಮೋಸದ ಮೊದಲ ಹೆಜ್ಜೆ.

ಸ್ಟಿಕ್ಕರ್‌ನಲ್ಲಿ ಒಂದು ಸಣ್ಣ ಬಲೆ ಇದೆ. ಜಾಝ್ ಬೇಸ್‌ನ ಹೆಸರಿನ ಕೆಳಗೆ ಪೇಟೆಂಟ್ ನಂಬರ್‌ಗಳ ಸಾಲು ಇರುತ್ತದೆ. 3,143,028 ನಂಬರಿನ ಪೇಟೆಂಟ್ ಸಿಕ್ಕಿದ್ದು 1964ರ ಆಗಸ್ಟ್‌ನಲ್ಲಿ. 1962ರದ್ದು ಅಂತ ಹೇಳುವ ಬೇಸ್‌ನ ಸ್ಟಿಕ್ಕರ್‌ನಲ್ಲಿ ಆ ನಂಬರ್ ಕಂಡರೆ ಸ್ಟಿಕ್ಕರಾದರೂ ಬದಲಾಗಿದೆ, ಇಲ್ಲ ಇಡೀ ನೆಕ್ಕೇ ಬದಲಾಗಿದೆ. ಇನ್ನೊಂದು: 1968ರ ಮುಂಚೆ ಸ್ಟಿಕ್ಕರನ್ನು ಸಾಮಾನ್ಯವಾಗಿ ಲ್ಯಾಕರ್‌ನ (ಪಾರದರ್ಶಕ ಮೆರುಗು) ಮೇಲೆ ಅಂಟಿಸುತ್ತಿದ್ದರು, ಅದರ ಮೇಲೆ ಮತ್ತೆ ಲ್ಯಾಕರ್ ಹೊಡೆಯುತ್ತಿರಲಿಲ್ಲ. ಉಗುರಿನಿಂದ ಮೆಲ್ಲಗೆ ಸವರಿದರೆ ಅಂಚು ತಾಗುತ್ತದೆ. ಅಕ್ಷರ ಲ್ಯಾಕರ್‌ನ ಕೆಳಗೆ ಹುದುಗಿ ನುಣ್ಣಗಿದ್ದರೆ ಹೆಡ್‌ಸ್ಟಾಕ್‌ಗೆ ಮತ್ತೊಮ್ಮೆ ಲ್ಯಾಕರ್ ಬಿದ್ದಿದೆ ಎಂದೇ ಊಹಿಸಿ.

ಬಿಚ್ಚಿದಾಗ

ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಿ. ಸ್ಕ್ರೂಗಳ ತಲೆಗೆ ಸರಿಯಾಗಿ ಕೂರುವ 2ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ಬಳಸಿ. ಸಣ್ಣದು ಬಳಸಿದರೆ ಅರವತ್ತು ವರ್ಷದ ಸ್ಕ್ರೂ ತಲೆ ಕೊರೆದುಹೋಗುತ್ತದೆ, ಮಾರುವವರ ಜೊತೆ ಜಗಳವೂ ಆಗುತ್ತದೆ. ನೆಕ್ ಬಂದ ಮೇಲೆ ಅದರ ಬುಡ ನೋಡಿ. 1962ರ ಮಾರ್ಚ್ ಸುಮಾರಿನವರೆಗೆ ತಿಂಗಳು ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಆಮೇಲೆ ಶಾಯಿಯ ಮುದ್ರೆ.

ಈ ಮುದ್ರೆಯನ್ನು ಓದುವಲ್ಲಿ ಬಹಳ ಜನ ಎಡವುತ್ತಾರೆ. ‘7 ಮಾರ್ಚ್ 64 ಎ’ ಅಂತ ಇದ್ದರೆ ಅದು ಮಾರ್ಚ್ 7ನೇ ತಾರೀಖು ಅಲ್ಲ. 7 ಎನ್ನುವುದು ಜಾಝ್ ಬೇಸ್‌ನ ಮಾದರಿ ಸಂಖ್ಯೆ, ಪ್ರಿಸಿಷನ್‌ಗೆ 5. ಕೊನೆಯ ಅಕ್ಷರ ನಟ್‌ನ ಅಗಲ: ‘ಎ’ ಒಂದೂವರೆ ಇಂಚು, ‘ಬಿ’ 1⅝, ‘ಸಿ’ 1¾. ಹಾಗಾಗಿ ಜಾಝ್‌ನಲ್ಲಿ ಮಾಮೂಲಿಯಾಗಿ ‘7 … ಎ’, ಅರವತ್ತರ ಆರಂಭದ ಪ್ರಿಸಿಷನ್‌ನಲ್ಲಿ ‘5 … ಸಿ’ ಕಾಣಬೇಕು. ನಕಲಿ ಮುದ್ರೆ ಒತ್ತುವವರು ಕೆಲವೊಮ್ಮೆ ಮೊದಲ ಅಂಕೆಯನ್ನು ತಾರೀಖು ಎಂದು ತಿಳಿದು 18, 23 ಅಂತ ಒತ್ತಿಬಿಡುತ್ತಾರೆ. ಮುದ್ರೆ ಸರಿ ಇದ್ದರೂ ಸ್ಕೇಲ್ ತೆಗೆದು ನಟ್ ಅಳೆಯಿರಿ; ಅಕ್ಷರಕ್ಕೂ ಅಳತೆಗೂ ತಾಳೆಯಾಗಬೇಕು. ಬುಡದ ಮರ ಬಿಳಿಚಿಕೊಂಡು ಮರಳು ಕಾಗದ ಉಜ್ಜಿದ ಗೀರುಗಳಿದ್ದರೆ ಅಲ್ಲಿದ್ದ ಮುದ್ರೆಯನ್ನು ಯಾರೋ ಅಳಿಸಿದ್ದಾರೆ.

ಜಾಝ್‌ನ ಮೊದಲ ವರ್ಷಗಳ ಬೇಸ್‌ಗೆ, ಅಂದರೆ ಒಂದರ ಮೇಲೊಂದು ಕೂತ ಎರಡು ಜೋಡಿ ಗುಂಡಿಗಳಿರುವ 1960–62ರ ಮಾದರಿಗೆ, ಮೂರು ಗುಂಡಿಯದಕ್ಕಿಂತ ಬೆಲೆ ಹೆಚ್ಚು. ಮೂರು ಗುಂಡಿಯ ಪ್ಲೇಟ್ ತೆಗೆದು ಎರಡು ಗುಂಡಿಯದನ್ನು ಹಾಕುವುದು ಅರ್ಧ ಗಂಟೆಯ ಕೆಲಸ. ನೆಕ್ ಬುಡದಲ್ಲಿ 1962ರ ಕೊನೆಯ ಶಾಯಿ ಮುದ್ರೆ, ಮೇಲೆ ಜೋಡಿ ಗುಂಡಿ – ಇಂಥದ್ದು ಎದುರಾದರೆ ಮೂರು ಗುಂಡಿಯ ಬೆಲೆಯಿಂದಲೇ ಮಾತು ಶುರು ಮಾಡಿ.

ನೆಕ್ ತೆಗೆದ ಪಾಕೆಟ್ ಮತ್ತು ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ತೆಳು ಹೊದಿಕೆ) ಕೆಳಗಿನ ಜಾಗ ಬಾಡಿಯ ಬಣ್ಣದ ಚರಿತ್ರೆ ಹೇಳುತ್ತವೆ. 1964ರ ಕೊನೆಯವರೆಗೆ ಬಾಡಿಗೆ ಸಣ್ಣ ಮೊಳೆ ಹೊಡೆದು, ಮೊಳೆಯ ಮೇಲೆ ನಿಲ್ಲಿಸಿ ಬಣ್ಣ ಹೊಡೆದು ಒಣಗಿಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಮೊಳೆ ಕಿತ್ತರೆ ಉಳಿಯುವುದು ಒಳಗೆ ಬಣ್ಣವಿಲ್ಲದ ಪುಟ್ಟ ತೂತು. ಪಿಕ್‌ಗಾರ್ಡ್ ಕೆಳಗೆ ಇವು ಸಿಗುತ್ತವೆ. ತೂತಿನೊಳಗೆ ಬಣ್ಣ ಇಳಿದಿದ್ದರೆ, ಅಥವಾ ಮೇಲೆ ಬಣ್ಣ ಮುಚ್ಚಿ ಒಂದು ತಗ್ಗು ಮಾತ್ರ ಉಳಿದಿದ್ದರೆ, ಬಾಡಿಗೆ ಎರಡನೇ ಸಲ ಬಣ್ಣ ಬಿದ್ದಿದೆ. ತೂತೇ ಇಲ್ಲದಿದ್ದರೆ ತುಂಬಿ ಉಜ್ಜಿದ್ದಾರೆ, ಇಲ್ಲವೇ ಬಾಡಿ ಆ ಕಾಲದ್ದಲ್ಲ. 1963ರ ಸುಮಾರಿನಿಂದ ಪಾಕೆಟ್‌ಗೆ ಒಂದು ಕೋಲು ಬಿಗಿದು ಬಣ್ಣ ಹೊಡೆಯುವ ಪದ್ಧತಿ ಬಂತು. ಅದರಿಂದ ಪಾಕೆಟ್‌ನ ತಳದಲ್ಲಿ ಬಣ್ಣ ತಾಗದ ಪಟ್ಟಿ ಉಳಿಯುತ್ತದೆ. 1964ರ ಬೇಸ್‌ನಲ್ಲಿ ಪಾಕೆಟ್ ಪೂರ್ತಿ ಬಣ್ಣ ತುಂಬಿಕೊಂಡು ಹೊಳೆಯುತ್ತಿದ್ದರೆ ಅದು ಕಾರ್ಖಾನೆಯ ಬಣ್ಣ ಅನ್ನುವ ಮಾತನ್ನು ಅಲ್ಲಿಗೇ ಬಿಡಬಹುದು.

ಕಂಟ್ರೋಲ್ ಪ್ಲೇಟ್ ಎತ್ತಿ ಪಾಟ್‌ಗಳ, ಅಂದರೆ ಗುಂಡಿಗಳ ಕೆಳಗಿನ ರೋಧ ನಿಯಂತ್ರಕಗಳ, ಬೆನ್ನು ಅಥವಾ ಬದಿ ನೋಡಿ. ಮೊದಲ ಮೂರು ಅಂಕೆ ತಯಾರಕರದ್ದು: 304 ಅಂದರೆ ಸ್ಟ್ಯಾಕ್‌ಪೋಲ್, 137 ಅಂದರೆ ಸಿಟಿಎಸ್. ಉಳಿದ ನಾಲ್ಕರಲ್ಲಿ ಮೊದಲೆರಡು ವರ್ಷ, ಕೊನೆಯೆರಡು ವಾರ. 304 6214 ಅಂದರೆ ಸ್ಟ್ಯಾಕ್‌ಪೋಲ್, 1962, 14ನೇ ವಾರ. ಐವತ್ತರ ದಶಕದವುಗಳಲ್ಲಿ ವರ್ಷಕ್ಕೆ ಒಂದೇ ಅಂಕೆ. ಈ ನಂಬರ್ ಹೇಳುವುದು ‘ಇದಕ್ಕಿಂತ ಮುಂಚಿನದಲ್ಲ’ ಎಂಬುದನ್ನು ಮಾತ್ರ. ಸಿಬಿಎಸ್ ಕಾಲದಲ್ಲಿ 1966ರ ಪಾಟ್‌ಗಳನ್ನು ದೊಡ್ಡ ರಾಶಿ ತರಿಸಿಟ್ಟುಕೊಂಡು ವರ್ಷಗಟ್ಟಲೆ ಬಳಸಿದ್ದರಿಂದ 1969ರ ಬೇಸ್‌ನಲ್ಲಿ 1966ರ ಪಾಟ್ ಸಿಕ್ಕರೆ ಗಾಬರಿ ಬೇಡ. 1963ರ ಬೇಸ್‌ನಲ್ಲಿ 1966ರ ಪಾಟ್ ಸಿಕ್ಕರೆ ಮಾತ್ರ ಅದು ಬದಲಾಗಿದೆ.

ಪಾಟ್‌ಗಿಂತ ಬೆಸುಗೆಯನ್ನೇ ಹೆಚ್ಚು ನಂಬಿ. ಮುಟ್ಟದ ಬೆಸುಗೆ ಮಂಕಾಗಿ, ಒಂದೇ ಬೂದು ಬಣ್ಣದಲ್ಲಿ, ಧೂಳು ಅಂಟಿಕೊಂಡು ಇರುತ್ತದೆ. ಮೂರು ಮಂಕು, ಒಂದು ಮಾತ್ರ ಮಿರಮಿರ ಅಂದರೆ ಆ ಜಾಗದಲ್ಲಿ ಕೆಲಸ ಆಗಿದೆ. ಜಾಕ್ ಬದಲಾಯಿಸಿದ್ದು ತಪ್ಪೇನಲ್ಲ. ಪಿಕಪ್‌ನ ತಂತಿ ಪಾಟ್‌ಗೆ ಸೇರುವ ಜಾಗವೇ ಹೊಳೆಯುತ್ತಿದ್ದರೆ ಪಿಕಪ್ಪನ್ನೂ ಬಿಚ್ಚಿ ನೋಡಿ. ಒಳಗಿನ ವೈರ್ 1967–68ರವರೆಗೆ ಬಟ್ಟೆ ಹೊದಿಕೆಯದು, ಆಮೇಲೆ ಪ್ಲಾಸ್ಟಿಕ್. ಬಟ್ಟೆ ವೈರ್ ಈಗಲೂ ಹೊಸದಾಗಿ ಸಿಗುತ್ತದೆ, ಆದ್ದರಿಂದ ಅದೊಂದನ್ನೇ ಹಿಡಿದು ತೀರ್ಮಾನ ಬೇಡ.

ಪಿಕಪ್‌ನ ತಳದ ಫೈಬರ್ ಹಲಗೆ 1964ರವರೆಗೆ ಕಪ್ಪು, ಆಮೇಲೆ ಅರವತ್ತರ ಕೊನೆಯವರೆಗೆ ಬೂದು. ತಂತಿಯ ಬಣ್ಣವೂ ಅದೇ ಹೊತ್ತಿಗೆ ಬದಲಾಗುತ್ತದೆ: ಮುಂಚಿನ ಫಾರ್ಮ್‌ವಾರ್ ಲೇಪದ ತಂತಿ ಹೊಂಬಣ್ಣ, ನಂತರದ ಎನಾಮಲ್ ತಂತಿ ನೇರಳೆ ಬೆರೆತ ಕಡುಕಂದು. ಹಲಗೆ ಕಪ್ಪು, ತಂತಿ ಕಡುಕಂದು ಅಂದರೆ ಮತ್ತೆ ಸುತ್ತಿಸಿರುವ ಸಾಧ್ಯತೆ ಹೆಚ್ಚು.

ಮಲ್ಟಿಮೀಟರ್ ಇದ್ದರೆ ಪಿಕಪ್ ಬಿಚ್ಚದೆಯೂ ಅರ್ಧ ವಿಷಯ ತಿಳಿಯುತ್ತದೆ. ಜಾಕ್‌ಗೆ ಕೇಬಲ್ ಹಾಕಿ, ಇನ್ನೊಂದು ತುದಿಯಲ್ಲಿ ಅಳೆಯಿರಿ. ಪ್ರಿಸಿಷನ್‌ನಲ್ಲಿ ವಾಲ್ಯೂಮ್ ಪೂರ್ತಿ ಇಟ್ಟಾಗ ಸಾಮಾನ್ಯವಾಗಿ 10ರಿಂದ 11.5 ಕಿಲೋಓಮ್ ಬರಬೇಕು. ಪಿಕಪ್‌ಗೆ ಸಮಾನಾಂತರವಾಗಿ 250 ಕಿಲೋಓಮ್‌ನ ವಾಲ್ಯೂಮ್ ಪಾಟ್ ಇರುವುದರಿಂದ, 10.5ರ ಪಿಕಪ್ ಜಾಕ್‌ನಲ್ಲಿ 10.1 ಅಂತ ತೋರಿಸುತ್ತದೆ. ಮೂರು ಗುಂಡಿಯ ಜಾಝ್‌ನಲ್ಲಿ ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ ಇಟ್ಟು ಒಂದೊಂದನ್ನೇ ಅಳೆಯಿರಿ. ಆಗ ಎರಡೂ ಪಾಟ್ ಸೇರಿ 125 ಕಿಲೋಓಮ್ ಆಗುತ್ತದೆ, 7.5ರ ಪಿಕಪ್ 7.1 ಎಂದು ಕಾಣುತ್ತದೆ. ಎರಡೂ ಪೂರ್ತಿ ಇಟ್ಟರೆ ಸುಮಾರು 3.6. ತಾಮ್ರದ ರೋಧ ಶಾಖಕ್ಕೆ ಏರುತ್ತದೆ, ಡಿಗ್ರಿಗೆ ಶೇ. 0.4ರ ಹತ್ತಿರ. 20 ಡಿಗ್ರಿಯಲ್ಲಿ 7.5 ಇದ್ದದ್ದು ನಮ್ಮ ಏಪ್ರಿಲ್‌ನ 35 ಡಿಗ್ರಿಯಲ್ಲಿ 7.9 ತೋರಿಸಿದರೆ ಪಿಕಪ್ ಬದಲಾಯಿತು ಅಂತಲ್ಲ.

ಪ್ರಿಸಿಷನ್‌ನ ಪಿಕಪ್ ಎರಡು ತುಂಡು, ಒಂದರ ಹಿಂದೆ ಒಂದು ಸರಣಿಯಲ್ಲಿ. ಒಂದು ತುಂಡಿನ ತಂತಿ ಕಡಿದರೂ ಇಡೀ ಬೇಸ್ ಮೂಕ. ಮೀಟರ್ 250 ಕಿಲೋಓಮ್ ಸುಮಾರು ತೋರಿಸಿದರೆ ಪಿಕಪ್ ದಾರಿ ಕಡಿದಿದೆ, ನೀವು ಓದುತ್ತಿರುವುದು ಪಾಟ್ ಒಂದನ್ನೇ. ಕಡಿಯಲು ಕಾರಣ ಹೆಚ್ಚಾಗಿ ತುಕ್ಕು: ಫೆಂಡರ್ ಪಿಕಪ್‌ನಲ್ಲಿ ತಂತಿಯನ್ನು ಆಲ್ನಿಕೋ ಅಯಸ್ಕಾಂತದ ಕಂಬಗಳ ಮೇಲೇ ಸುತ್ತಿರುತ್ತಾರೆ, ಕಂಬ ತುಕ್ಕು ಹಿಡಿದರೆ ಒಳಸುತ್ತಿನ ಕೂದಲೆಳೆ ತಂತಿ ತಿಂದುಹೋಗುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇಡುವ ಬೇಸ್‌ಗೆ ಇದು ದೊಡ್ಡ ಅಪಾಯ. ಕಂಬದ ತುದಿಯಲ್ಲಿ ಕೆಂಪು ಪುಡಿ ಕಂಡರೆ ತಂತಿ ಮತ್ತೆ ಸುತ್ತಿಸುವ ಖರ್ಚನ್ನು ಬೆಲೆಯಲ್ಲೇ ಹಿಡಿಯಿರಿ.

ಬಣ್ಣ: ಬಿರುಕು, ಹಳದಿ, ನೇರಳಾತೀತ ಬೆಳಕು

1968ರ ತನಕ ಮೇಲಿನ ಪದರ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಆಮೇಲೆ ದಪ್ಪ ಪಾಲಿಯೆಸ್ಟರ್. ಲ್ಯಾಕರ್ ಶೀತ ಉಷ್ಣಕ್ಕೆ ಮರದ ಜೊತೆ ಸಮನಾಗಿ ಹಿಗ್ಗಿ ಕುಗ್ಗಲಾರದೆ ನಯವಾದ ಬಿರುಕು ಬಿಡುತ್ತದೆ. ಪಾಲಿಯೆಸ್ಟರ್ ಗಾಜಿನ ಹಾಗೆ ಚಕ್ಕೆಯಾಗಿ ಹಾರುತ್ತದೆ. 1964ರ ಬೇಸ್‌ನಲ್ಲಿ ಚಕ್ಕೆ ಎದ್ದ ಜಾಗದಲ್ಲಿ ಮಿ.ಮೀ. ದಪ್ಪದ ಗಾಜಿನಂಥ ಅಂಚು ಕಂಡರೆ ಅದು ಮರುಬಣ್ಣ. ಬಿರುಕು ಸಹಜವೋ ಅಂತ ನೋಡಲು ಅವುಗಳ ಅಂತರ ಗಮನಿಸಿ: ಸಹಜ ಬಿರುಕುಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿ ಹೋಗುತ್ತವೆ, ನಡುವೆ ಕವಲೊಡೆಯುತ್ತವೆ. ಬ್ಲೇಡಿನಿಂದ ಎಳೆದವು ನೆಟ್ಟಗೆ, ಸಮಾನ ದೂರದಲ್ಲಿ, ಅಂಚಿಗೆ ಬಂದು ತಟ್ಟನೆ ನಿಲ್ಲುತ್ತವೆ.

ಎಪ್ಪತ್ತರ ದಶಕದ ನೆಕ್‌ನಲ್ಲಿ ಒಂದು ವಿಚಿತ್ರ ಕಾಣುತ್ತದೆ, ಅದು ದೋಷವಲ್ಲ: ಹೆಡ್‌ಸ್ಟಾಕ್‌ನ ಮುಂಭಾಗ ಕಡು ಜೇನು ಬಣ್ಣ, ಉಳಿದ ನೆಕ್ ಬಿಳಿಚಿಕೊಂಡದ್ದು. ಸ್ಟಿಕ್ಕರ್‌ಗೆ ಪಾಲಿಯೆಸ್ಟರ್ ಹೊಂದುತ್ತಿರಲಿಲ್ಲ, ಹಾಗಾಗಿ ಮುಂಭಾಗಕ್ಕೆ ಮಾತ್ರ ನೈಟ್ರೋ ಲ್ಯಾಕರ್ ಹೊಡೆಯುತ್ತಿದ್ದರು, ಹಳದಿಗಟ್ಟಿದ್ದು ಅದೊಂದೇ. ಹೆಡ್‌ಸ್ಟಾಕೂ ನೆಕ್ಕೂ ಒಂದೇ ಬಣ್ಣ ಇರುವ 1974ರ ಬೇಸ್ ಸಿಕ್ಕರೆ ಅಲ್ಲೇ ಅನುಮಾನ ಪಡಬೇಕು.

ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದರೆ ಹಳೆಯ ನೈಟ್ರೋ ಹಸಿರುಹಳದಿಯಾಗಿ ಮಿನುಗುತ್ತದೆ. ತೇಪೆ ಹಚ್ಚಿದ ಜಾಗ, ಮುರಿದು ಅಂಟಿಸಿದ ಹೆಡ್‌ಸ್ಟಾಕ್, ಆಮೇಲೆ ಹೊಡೆದ ಲ್ಯಾಕರ್ ಕಪ್ಪು ಕಲೆಯಾಗಿ ಇಲ್ಲವೇ ಬೇರೆ ಬಣ್ಣದಲ್ಲಿ ಕಾಣುತ್ತವೆ. ಪಿಕ್‌ಗಾರ್ಡ್‌ನ ಅಡಿಯ ಬಣ್ಣ, ಬಿಸಿಲು ಕಂಡ ಬಣ್ಣ ಎರಡನ್ನೂ ಪಕ್ಕಪಕ್ಕ ನೋಡಿ. ಸನ್‌ಬರ್ಸ್ಟ್‌ನ (ನಡುವೆ ತಿಳಿ, ಅಂಚಿಗೆ ಕಡುವಾಗುವ ಬಣ್ಣ) ಕೆಂಪು ಹೊರಗೆ ಮಾಸಿ ಒಳಗೆ ಗಾಢವಾಗಿ ಉಳಿದಿರಬೇಕು. ಆಮೆಚಿಪ್ಪಿನ ಬಣ್ಣದ ಆ ಪಿಕ್‌ಗಾರ್ಡ್ ಅರವತ್ತರ ದಶಕದಲ್ಲಿ ಸೆಲ್ಯುಲಾಯ್ಡ್. ಅದು ವರ್ಷಗಳಲ್ಲಿ ಕುಗ್ಗಿ ಸ್ಕ್ರೂ ತೂತಿನ ಹತ್ತಿರ ಬಿರಿಯುತ್ತದೆ, ಅಂಚು ಮೇಲೇಳುತ್ತದೆ, ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಸಪಾಟಾಗಿ, ತೂತುಗಳು ಕರಾರುವಾಕ್ಕಾಗಿ ಕೂತ ಪಿಕ್‌ಗಾರ್ಡ್ ಹೆಚ್ಚಾಗಿ ಹೊಸದು.

ಸವೆತ: ಎಲ್ಲಿದ್ದರೆ ಸರಿ, ಎಲ್ಲಿದ್ದರೆ ನಷ್ಟ

ಬಾರಿಸಿ ಸವೆದ ಬೇಸ್‌ನಲ್ಲಿ ಸವೆತಕ್ಕೆ ಕಾರಣ ಇರುತ್ತದೆ. ಬಲ ಮೊಳಕೈ ಒರಗುವ ಮೇಲಂಚು, ಬೆಲ್ಟಿನ ಬಕಲ್ ತಾಗುವ ಬೆನ್ನು, ಹೆಬ್ಬೆರಳು ಊರುವ ಪಿಕಪ್ ಪಕ್ಕ, ಒಂದರಿಂದ ಐದನೇ ಫ್ರೆಟ್ ವರೆಗಿನ ನೆಕ್ ಬೆನ್ನು. ಅಲ್ಲಿ ಲ್ಯಾಕರ್ ತೆಳುವಾಗುತ್ತಾ ಹೋಗಿ ಮರಕ್ಕೆ ಸೇರುತ್ತದೆ, ಮರ ಬೆವರು ಕುಡಿದು ಕಂದಾಗಿರುತ್ತದೆ. ಕೃತಕ ಸವೆತದಲ್ಲಿ ಲ್ಯಾಕರ್‌ಗೂ ಮರಕ್ಕೂ ನಡುವೆ ಮೆಟ್ಟಿಲು ಉಳಿಯುತ್ತದೆ, ಮರ ಒಂದೇ ಬಣ್ಣ. ಮೊಳಕೈ ಜಾಗ ಪೂರ್ತಿ ಬೋಳು, ಆದರೆ ಫ್ರೆಟ್‌ಗಳು ಅಸಲಿ ಎತ್ತರದಲ್ಲೇ ಇವೆ ಅಂದರೆ ಎರಡರಲ್ಲೊಂದು ಸುಳ್ಳು: ಒಂದೋ ಸವೆತ ಮಾಡಿದ್ದು, ಇಲ್ಲ ಫ್ರೆಟ್ ಬದಲಾಯಿಸಿದ್ದು.

ಬಾಡಿಯ ಸವೆತಕ್ಕೆ ಹೆದರಬೇಡಿ. ದುಡ್ಡು ತಿನ್ನುವುದು ನೆಕ್. ಆ ಕಾಲದ ಫ್ರೆಟ್ ತಂತಿ ಹೊಸದಿದ್ದಾಗ ಎತ್ತರ ಸುಮಾರು 1.1 ಮಿ.ಮೀ. ಅದು 0.6ಕ್ಕೆ ಇಳಿದಿದ್ದರೆ ಇನ್ನೊಂದು ಸಲ ಉಜ್ಜಿ ಮಟ್ಟ ಮಾಡಲು ಲೋಹ ಉಳಿದಿಲ್ಲ, ಹೊಸ ಫ್ರೆಟ್ ಹಾಕಿಸಬೇಕು. ಪ್ರತಿ ಸಲ ಹೊಸ ಫ್ರೆಟ್ ಹಾಕುವಾಗ ಹಲಗೆಯನ್ನೂ ಸ್ವಲ್ಪ ಉಜ್ಜುತ್ತಾರೆ. ದಪ್ಪ ಹಲಗೆಯ 1961ರ ನೆಕ್ ಅದನ್ನು ತಡೆದೀತು. 1963ರ ತೆಳು ಹಲಗೆಯದು ಎರಡು ಮೂರು ಸಲಕ್ಕೆ ಬಳಲಿಬಿಡುತ್ತದೆ. ಬದಿಯಿಂದ ನೋಡಿದಾಗ ಹಲಗೆಯ ದಪ್ಪ ನಟ್ ಕಡೆಗೂ ಬುಡದ ಕಡೆಗೂ ಸಮ ಇಲ್ಲದಿದ್ದರೆ, ಬದಿಯ ಚುಕ್ಕೆಗಳು ಮೇಲಂಚಿಗೆ ತೀರಾ ಹತ್ತಿರ ಬಂದಿದ್ದರೆ, ಉಜ್ಜಿದ್ದು ಜಾಸ್ತಿಯಾಗಿದೆ.

1976ರಲ್ಲಿ ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ನ ಮೊದಲ ಆಲ್ಬಂ ಬಂದ ಮೇಲೆ ಎಷ್ಟೋ ಜನ ತಮ್ಮ ಜಾಝ್ ಬೇಸ್‌ನ ಫ್ರೆಟ್ ಕಿತ್ತು, ಸೀಳುಗಳನ್ನು ತುಂಬಿ, ಅವನಂತೆಯೇ ಫ್ರೆಟ್‌ಲೆಸ್ ಮಾಡಿಕೊಂಡರು. ಅವುಗಳಲ್ಲಿ ಕೆಲವಕ್ಕೆ ಮತ್ತೆ ಫ್ರೆಟ್ ಹಾಕಿ ಮಾರುತ್ತಾರೆ. ಫ್ರೆಟ್‌ನ ಎರಡೂ ತುದಿಯ ಸೀಳಿನಲ್ಲಿ ಬೇರೆ ಮರದ ಪುಡಿಯೋ ಅಂಟಿನ ಗೆರೆಯೋ ಇದೆಯೇ ನೋಡಿ.

ನೆಕ್ ಬಾಗು ಅಳೆಯಲು ತಂತಿಯನ್ನು ಸರಿಯಾದ ಶ್ರುತಿಗೆ ಏರಿಸಿ, ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಹತ್ತಿರ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲಿನ ಸಂದು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. 0.35 ಮಿ.ಮೀ. ಸುಮಾರು ಇದ್ದರೆ ಸರಿ. 0.6 ದಾಟಿದ್ದರೆ ನೆಕ್‌ನೊಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಬಿಗಿಸಬೇಕು, ಅದರ ತಿರುಗಿಸುವ ನಟ್ (ತಂತಿಯ ನಟ್ ಅಲ್ಲ) ನೆಕ್ ಬುಡದಲ್ಲಿದೆ, ಸಾಮಾನ್ಯವಾಗಿ ನೆಕ್ ಬಿಚ್ಚಿಯೇ ತಿರುಗಿಸಬೇಕು. ಹೇಗೂ ಬಿಚ್ಚಿದ್ದೀರಿ, ಆ ನಟ್‌ನ ಸ್ಥಿತಿ ನೋಡಿಬಿಡಿ: ಅಡ್ಡಗೆರೆ ತಿಂದುಹೋಗಿ, ನಟ್ ಮರದೊಳಕ್ಕೆ ಹುದುಗಿದ್ದರೆ ರಾಡ್‌ನಲ್ಲಿ ಇನ್ನು ಎಳೆತ ಉಳಿದಿಲ್ಲ. ರಾಡ್ ಪೂರ್ತಿ ಸಡಿಲಿಸಿದರೂ ನೆಕ್ ಹಿಂದಕ್ಕೆ ಬಾಗಿಯೇ ಇದ್ದರೆ ಇನ್ನೂ ಕೆಟ್ಟದ್ದು. ಬುಡದ ಹತ್ತಿರದ ನಾಲ್ಕೈದು ಫ್ರೆಟ್ ಮೇಲೆದ್ದು ತಂತಿ ಝೇಂಕರಿಸುವ ದೋಷಕ್ಕೆ ರಾಡ್ ಏನೂ ಮಾಡಲಾರದು, ಉಜ್ಜಿಯೇ ಸರಿ ಮಾಡಬೇಕು. ನೆಕ್ ತಿರುಚಿದ್ದರೆ, ಬ್ರಿಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ನಟ್‌ನ ಗೆರೆಗೂ ಬ್ರಿಜ್‌ನ ಗೆರೆಗೂ ಹೊಂದದಿದ್ದರೆ, ಆ ಬೇಸ್ ಬಿಡಿಭಾಗದ ಲೆಕ್ಕಕ್ಕೆ ಮಾತ್ರ.

ನಾಲ್ಕರಲ್ಲಿ ಯಾವುದು

ಬಾರಿಸಲು ಬೇಕಾದವರಿಗೆ ಮೊದಲ ಆಯ್ಕೆ ಬಣ್ಣ ಬದಲಾದ ಬೇಸ್. ನೆಕ್, ಪಿಕಪ್, ಪಾಟ್ ಅಸಲಿ ಇದ್ದು ಬಾಡಿಗೆ ಮಾತ್ರ ಮರುಬಣ್ಣ ಬಿದ್ದದ್ದಕ್ಕೆ ಮಾರುಕಟ್ಟೆಯಲ್ಲಿ ಅಸಲಿಯ ಅರ್ಧದ ಆಸುಪಾಸು ಬೆಲೆ. ಧ್ವನಿಯಲ್ಲಿ ಆ ಅರ್ಧ ಬೆಲೆಯ ವ್ಯತ್ಯಾಸ ಯಾರಿಗೂ ಕೇಳುವುದಿಲ್ಲ. ಆದರೆ ಹೊಸ ಬಣ್ಣ ದಪ್ಪ ಪಾಲಿಯೆಸ್ಟರ್ ಆಗಿದ್ದರೆ, ಪಾಕೆಟ್ ಒಳಗೂ ಅದು ತುಂಬಿ ನೆಕ್ ಓರೆಯಾಗಿ ಕೂತಿದ್ದರೆ ಇನ್ನಷ್ಟು ಇಳಿಸಿ.

ಜೋಡಿಸಿದ ಬೇಸ್‌ನ ಬೆಲೆ ಬಿಡಿಭಾಗಗಳ ಮೊತ್ತಕ್ಕಿಂತ ಕಡಿಮೆ ಇರಬೇಕು, ಹೆಚ್ಚಲ್ಲ. ಅದನ್ನು ಮತ್ತೆ ಮಾರುವಾಗ ನೀವೂ ಪ್ರತಿ ಭಾಗದ ವರ್ಷ ಬರೆದು ಕೊಡಬೇಕಾಗುತ್ತದೆ. ನೆಕ್ ಚೆನ್ನಾಗಿದ್ದರೆ ಇದೂ ಒಳ್ಳೆಯ ವ್ಯಾಪಾರವೇ, ಏಕೆಂದರೆ ಬೇಸ್‌ನಲ್ಲಿ ಕೈಗೆ ಗೊತ್ತಾಗುವುದು ನೆಕ್.

ರೀಇಶ್ಯೂ ವಾರಕ್ಕೆ ಮೂರು ಸಲ ವೇದಿಕೆ ಹತ್ತುವವರಿಗೆ, ಬೆವರಿಗೂ ಮಳೆಗೂ ಹೆದರದವರಿಗೆ. 1982ರದ್ದಕ್ಕೆ ಈಗ ನಲವತ್ತು ದಾಟಿದೆ, ಅದರ ಸವೆತ ನಿಜವಾದ್ದೇ. ಜಪಾನಿನ ಜೆವಿ ಸರಣಿಗೆ ಸಂಗ್ರಾಹಕರ ಬೇಡಿಕೆಯೂ ಇದೆ. ಇದನ್ನು ಅರವತ್ತರದ್ದು ಅಂತ ಮಾರಲು ಹೊರಟವರನ್ನು ಹಿಡಿಯಲು ಪಾಟ್‌ನ ವರ್ಷ ಮತ್ತು ನೆಕ್ ಬುಡ ಸಾಕು.

ಎಪ್ಪತ್ತರ ದಶಕದ ಸಿಬಿಎಸ್ ಬೇಸ್‌ಗಳನ್ನು ಜನ ಸುಮ್ಮನೆ ಬೈಯುತ್ತಾರೆ. ಜಾಝ್‌ನ ಮೂರು ಸ್ಕ್ರೂವಿನ ನೆಕ್ ಸಡಿಲಾಗಿ ಪಕ್ಕಕ್ಕೆ ಅಲ್ಲಾಡುವುದು ನಿಜ. ನೆಕ್ ಹಿಡಿದು ಬದಿಗೆ ತಳ್ಳಿ ನೋಡಿ, ತಂತಿ ಜಾರಿದರೆ ಪಾಕೆಟ್ ಸಡಿಲ. ಆದರೆ ಪ್ರಿಸಿಷನ್ ಆ ದಶಕದಲ್ಲೂ ನಾಲ್ಕು ಸ್ಕ್ರೂವನ್ನೇ ಉಳಿಸಿಕೊಂಡಿತು. ತೂಕ ಮಾತ್ರ ತಕ್ಕಡಿಯಲ್ಲಿ ನೋಡಿ: ಆ್ಯಶ್ ಮರದ ಎಷ್ಟೋ ಬಾಡಿಗಳು 4.5 ಕೆಜಿ ದಾಟುತ್ತವೆ, ಎರಡು ಗಂಟೆ ನಿಂತು ಬಾರಿಸುವ ಭುಜಕ್ಕೆ ಅದು ಬಹಳ.

ಪೂರ್ತಿ ಅಸಲಿಯನ್ನು ಕೊಳ್ಳುವವರು ಪಾಕೆಟ್, ನೆಕ್ ಬುಡ, ಪಾಟ್ ನಂಬರ್, ಬೆಸುಗೆ, ಪಿಕಪ್ ತಳ, ಪಿಕ್‌ಗಾರ್ಡ್ ಅಡಿ – ಈ ಆರರ ಫೋಟೊ ಹಣ ಕಳಿಸುವ ಮೊದಲೇ ತರಿಸಿಕೊಳ್ಳಬೇಕು.

ವಿದೇಶದಿಂದ ತರಿಸುವವರಿಗೆ ಮರದ ಕಾಗದಪತ್ರ ಇನ್ನೊಂದು ವಿಷಯ. 1959ರಿಂದ 1966ರ ಸುಮಾರಿನವರೆಗಿನ ರೋಸ್‌ವುಡ್ ಹಲಗೆಯನ್ನು ಬ್ರೆಜಿಲ್‌ನದು ಎಂದೇ ಇಟ್ಟುಕೊಳ್ಳಿ. ಆ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗೆಗಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಗಡಿ ದಾಟಲು ಪಟ್ಟಿಗೆ ಸೇರುವ ಮೊದಲೇ ಮಾಡಿದ ವಸ್ತು ಎಂಬ ಪ್ರಮಾಣಪತ್ರ ಬೇಕು, ಅದನ್ನು ರವಾನಿಸುವವರ ದೇಶದಲ್ಲೇ ಮೊದಲು ಮಾಡಿಸಬೇಕು. ಆಮೇಲಿನ ಹಲಗೆ ಹೆಚ್ಚಾಗಿ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ. ಅದು 2017ರ ಜನವರಿಯಲ್ಲಿ ಎರಡನೇ ಪಟ್ಟಿಗೆ ಸೇರಿತ್ತು. ಪೂರ್ತಿ ತಯಾರಾಗಿರುವ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಅದರಿಂದ ವಿನಾಯಿತಿ ಇದೆ. ಪಿಕ್‌ಗಾರ್ಡ್ ಸೆಲ್ಯುಲಾಯ್ಡ್, ನಿಜವಾದ ಆಮೆಚಿಪ್ಪು ಅಲ್ಲ ಎಂಬುದನ್ನು ಇನ್‌ವಾಯ್ಸ್‌ನಲ್ಲೇ ಬರೆಸಿ. ಬಂದಿಳಿದ ಮೇಲೆ ಕೇಸನ್ನು ಒಂದು ದಿನ ಮುಚ್ಚಿಯೇ ಇಟ್ಟು ಕೋಣೆಯ ಶಾಖಕ್ಕೆ ಬರಲು ಬಿಡಿ. ಚಳಿ ವಿಮಾನದಿಂದ ಇಳಿದ ಲ್ಯಾಕರ್ ಬಿಸಿಗಾಳಿಗೆ ಒಮ್ಮೆಲೇ ಒಡ್ಡಿಕೊಂಡರೆ ಹೊಸ ಬಿರುಕು ಬಿಡುತ್ತದೆ.